ಹಿಟ್ಟು ತಳ್ಳುವ ಕೈ

ನನ್ನ ಬಾಯಿ ಸ್ವಲ್ಪ ಜೋರು. ಚನ್ನಗಿರಿಯ ನಮ್ಮ ಓಣಿಯಲ್ಲಿ ಈ ಸಿದ್ದಲಿಂಗಮ್ಮ ಬಂದಳೆಂದರೆ ಹುಡುಗರು ಚೆಂಡು ಬಚ್ಚಿಡುತ್ತಾರೆ. ಊರಿಗೆಲ್ಲ ಬುದ್ಧಿ ಹೇಳುವ ಈ ಬಾಯಿ ಹನ್ನೆರಡು ದಿನ ಮುಚ್ಚಿಕೊಂಡೇ ಇತ್ತು. ಯಾಕೆಂದು ಹೇಳುತ್ತೇನೆ.

ಮೊಮ್ಮಗಳು ಸಂಧ್ಯಾರಾಣಿಗೆ ಐದು ವರ್ಷ. ಮಗ ಕೊಟ್ರೇಶನಿಗೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಸೊಸೆ ಹೇಮಾವತಿಗೆ ಶಾಲೆಯಲ್ಲಿ ಪಾಠ. ಮಧ್ಯಾಹ್ನದಿಂದ ಸಂಜೆಯವರೆಗೆ ಹುಡುಗಿ ನನ್ನ ಪಾಲು. ಹಿತ್ತಲ ಒರಳಿನಲ್ಲಿ ದೋಸೆಗೆ ರುಬ್ಬುವಾಗ ಅವಳನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದೆ. ನಾನು ಗುಂಡುಕಲ್ಲು ತಿರುಗಿಸುವುದು, ಅದು ಆ ಕಡೆ ಹೊರಳಿದಾಗ ಅವಳು ಪುಟ್ಟ ಕೈಯಿಂದ ಅಂಚಿನ ಹಿಟ್ಟನ್ನು ಒಳಕ್ಕೆ ತಳ್ಳುವುದು. ನಮ್ಮವ್ವನ ಎದುರು ಕೂತು ನಾನೂ ಹೀಗೇ ಕಲಿತಿದ್ದೆ. ಅವಳ ಕೈ ಬಲು ಚುರುಕು. ಒಂದು ವೇಳೆ ತಪ್ಪಿದರೂ ಕಲ್ಲು ನನ್ನ ಕೈಯಲ್ಲಿತ್ತು, ಬೆರಳು ಕಂಡರೆ ನಿಲ್ಲಿಸುತ್ತಿದ್ದೆ.

ಆಮೇಲೆ ನನ್ನ ಭುಜ ಹಿಡಿದುಕೊಂಡಿತು. ಕೊಟ್ರೇಶ ಕರೆಂಟಿನ ಗ್ರೈಂಡರ್ ತಂದ. ಕಟ್ಟೆಯ ಮೇಲೆ ಜಾಗವಿಲ್ಲವೆಂದು ಅದನ್ನು ನೆಲದ ಮೇಲೇ ಇಟ್ಟೆವು.

"ಅತ್ತೆ, ಇದು ತಿರುಗುವಾಗ ಪಾಪುನ ಹತ್ರ ಬಿಡಬ್ಯಾಡ್ರಿ," ಎಂದು ಹೇಮಾವತಿ ಎರಡು ಸಲ ಹೇಳಿದಳು. ಎರಡನೇ ಸಲ ನನಗೆ ಸಿಟ್ಟು ಬಂತು. ಇವಳ ಗಂಡನನ್ನೇ ಹೆತ್ತು ಸಾಕಿದವಳಿಗೆ ಮಗು ನೋಡಿಕೊಳ್ಳುವುದನ್ನು ಕಲಿಸಲು ಬಂದಿದ್ದಾಳೆ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗೊಣಗಿಕೊಂಡೆ.

ಆ ಭಾನುವಾರ ಹೇಮಾವತಿ ಗ್ರೈಂಡರಿಗೆ ಉದ್ದು ಹಾಕಿ, ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ಸಂಧ್ಯಾ ಆಗ ಹೊರಗೆ ಜಗಲಿಯಲ್ಲಿ ಆಡುತ್ತಿದ್ದಳು, ಆಮೇಲೆ ಒಳಗೆ ಬಂದು ಗ್ರೈಂಡರಿನ ಎದುರು ಕೂತಳು. ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಹಿಟ್ಟು ಅಂಚಿಗೆ ಹತ್ತಿ ಕಲ್ಲು ಬರಿದೇ ತಿರುಗುವ ಸದ್ದು ನನ್ನ ಕಿವಿಗೆ ಚೆನ್ನಾಗಿ ಗೊತ್ತು. ತಲೆ ಎತ್ತದೆ, "ಹಿಟ್ಟು ತಳ್ಳವ್ವ," ಎಂದೆ. ಐವತ್ತು ವರ್ಷದ ರೂಢಿ, ಬಾಯಿಗೆ ತಾನೇ ಬಂತು. ಸಂಧ್ಯಾ ತಳ್ಳಿದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಬಲಗೈಯ ಎರಡು ಬೆರಳನ್ನು ಅರ್ಧಕ್ಕೆ ತೆಗೆದರು.

"ಮಿಷನ್ ಹಾಕಿ ಮ್ಯಾಲೆ ಹೋಗಿದ್ಯಲ್ಲ, ನೀನೊಬ್ಬ ತಾಯಿನಾ?" ಎಂದು ಕೊಟ್ರೇಶ ಎಲ್ಲರೆದುರು ಹೆಂಡತಿಗೆ ಅಂದ. ಅವಳು ಗೋಡೆಗೆ ಒರಗಿ ನಿಂತಿದ್ದಳು. ನೀನೆಲ್ಲಿದ್ದೆ ಎಂದು ಅವನು ನನ್ನನ್ನು ಕೇಳಿದಾಗ, ಹಜಾರದಲ್ಲಿದ್ದೆ ಎಂದುಬಿಟ್ಟೆ. ನಿಜ ಹೇಳಿದರೆ ಹುಡುಗಿಯನ್ನು ಇನ್ನು ನನ್ನ ಬಳಿ ಬಿಡುವುದಿಲ್ಲ. ಅವಳಿಲ್ಲದ ಒಂದು ಮಧ್ಯಾಹ್ನವನ್ನೂ ನೆನೆಸಿಕೊಳ್ಳಲು ನನ್ನಿಂದಾಗಲಿಲ್ಲ. ಹೇಮಾವತಿ ಔಷಧಿ ತರಲು ಹೋದಾಗ ನಾನು ಮಂಚದ ಮೇಲೆ ಬಗ್ಗಿ ಇನ್ನೊಂದು ಮಾತನ್ನೂ ಆಡಿದೆ.

"ಅಜ್ಜಿ ಹೇಳಿದ್ದು ಅಂತ ಯಾರಿಗೂ ಹೇಳಬ್ಯಾಡವ್ವ."

ಹುಡುಗಿ ತಲೆಯಾಡಿಸಿದಳು. ಆ ನೋವಿನಲ್ಲೂ ಆಡಿಸಿದಳು. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮನೆಗೆ ಬಂದ ಮೇಲೂ ಕೊಟ್ರೇಶನ ಸಿಟ್ಟು ಇಳಿಯಲಿಲ್ಲ. ಹೇಮಾವತಿ ತಟ್ಟೆಯ ಮುಂದೆ ಕೂರುತ್ತಿದ್ದಳು, ಅನ್ನ ಹಾಗೇ ಒಣಗುತ್ತಿತ್ತು. ಹನ್ನೆರಡನೇ ದಿನ ಅವನು ನ್ಯಾಮತಿಯಿಂದ ಅವಳ ಅಪ್ಪ ಮಲ್ಲಿಕಾರ್ಜುನಪ್ಪನನ್ನು ಕರೆಸಿದ.

"ಬುದ್ಧಿ ಬರೋತಂಕ ಇವಳು ನಿಮ್ಮ ಮನ್ಯಾಗೇ ಇರ್ಲಿ ಮಾವ. ಮಗಳನ್ನ ಅವ್ವ ನೋಡ್ಕೊಂತಾಳೆ," ಎಂದ.

ಮಲ್ಲಿಕಾರ್ಜುನಪ್ಪ ತಲೆ ತಗ್ಗಿಸಿ ಟವೆಲಿನ ಅಂಚು ಹೊಸೆಯುತ್ತ ಕೂತಿದ್ದ. ಮಗಳ ತಪ್ಪಿಗೆ ಕ್ಷಮೆ ಕೇಳಲು ಬಂದವನ ಹಾಗೆ ಕಂಡ. ಹೇಮಾವತಿ ಆಗಲೇ ಚೀಲ ತಂದು ಬಾಗಿಲ ಬಳಿ ಇಟ್ಟಿದ್ದಳು. ಅದರಲ್ಲಿ ನಾಲ್ಕು ಸೀರೆ ಬಿಟ್ಟರೆ ಬೇರೇನೂ ಇದ್ದಂತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮೊಮ್ಮಗಳು ಹಗಲೂ ರಾತ್ರಿ ನನ್ನವಳೇ. ಆದರೆ ಆ ಮಗುವಿಗೆ ಬೆರಳೂ ಹೋಗಿ ತಾಯಿಯೂ ಹೋಗಬೇಕೇ?

"ಕೊಟ್ರೇಶಾ, ಅವಳದೇನೂ ತಪ್ಪಿಲ್ಲ. ನಾನು ಹಜಾರದಾಗ ಇರ್ಲಿಲ್ಲ, ಬಾಗಿಲಾಗೇ ಕುಂತಿದ್ದೆ. ಹಿಟ್ಟು ತಳ್ಳು ಅಂತ ನಾನೇ ಹೇಳ್ದೆ."

ಹೇಮಾವತಿ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಹನ್ನೆರಡು ದಿನ ಅತ್ತೆ. ನಾನೇ ನನ್ನ ಮಗಳ ಕೈ ಕಳದೆ ಅಂತ ಸಾಯ್ತಿದ್ದೆ. ನೀವು ನೋಡ್ಕೊಂತಾ ಕುಂತಿದ್ರಿ."

"ಅವ್ವಾ, ಇವಳನ್ನ ಉಳಿಸಾಕೆ ಸುಳ್ಳು ಹೇಳಬ್ಯಾಡ," ಎಂದ ಕೊಟ್ರೇಶ. ಅವನಿಗೆ ನನ್ನ ಮೇಲೆ ಅಷ್ಟು ನಂಬಿಕೆ. ಅದೂ ಆ ಹೊತ್ತಿನಲ್ಲಿ ಶಿಕ್ಷೆಯೇ ಆಯಿತು.

ಕೋಣೆಯಿಂದ ಸಂಧ್ಯಾ ಹೊರಗೆ ಬಂದಳು. ಬ್ಯಾಂಡೇಜ್ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಮಾತೆಲ್ಲ ಕೇಳಿಸಿಕೊಂಡಿರಬೇಕು.

"ಅಜ್ಜಿ ಏನೂ ಹೇಳಿಲ್ಲಪ್ಪಾ," ಎಂದಳು.

ಹಾಗೆಂದು, ಸರಿಯಾಗಿ ಹೇಳಿದೆನೇ ಎಂದು ನನ್ನ ಮುಖ ನೋಡಿದಳು. ಹೇಮಾವತಿ ಅದನ್ನು ಕಂಡಳು. ಕೊಟ್ರೇಶನೂ ಕಂಡ, ಕಂಡು ಕುರ್ಚಿಯ ಮೇಲೆ ಕುಸಿದ. ನಾನು ಮಗುವಿಗೆ ಏನು ಕಲಿಸಿದ್ದೆನೆಂದು ಇನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಹೇಮಾವತಿ ಒಳಗೆ ಹೋಗಿ ಮಗಳ ಬಟ್ಟೆಗಳನ್ನೂ ತಂದು ಚೀಲಕ್ಕೆ ತುಂಬಿದಳು. ಕೊಟ್ರೇಶ ಎದ್ದು ಆ ಚೀಲವನ್ನು ಮಾವನ ಕೈಗೆ ಎತ್ತಿಕೊಟ್ಟ. ನಾನು ಸಂಧ್ಯಾಳ ಚಪ್ಪಲಿ ತಂದು ಬಾಗಿಲ ಬಳಿ ಇಟ್ಟೆ.