ಬಿಳಿ ಕೈಗವಸು

"ಬಿಡಿ ಪ್ರುಯಿಟ್, ಕೈ ಬಿಡಿ! ಇದು ನನ್ನ ಗಂಡನ ಕೈ," ಎಂದು ಲಿಯೋಟಾ ಕೈಗವಸಿನ ತುದಿ ಹಿಡಿದು ಜಗ್ಗಿದಳು.

ಚರ್ಚಿನ ಪಕ್ಕದ ಕೋಣೆಯಲ್ಲಿ ವರ್ಜಿಲ್ ಟ್ಯಾಕೆಟ್ ಶವಪೆಟ್ಟಿಗೆಯೊಳಗೆ ಮಲಗಿದ್ದ. ಹೆಣ ಸಿಂಗರಿಸುವ ಪ್ರುಯಿಟ್ ಬಾಚಣಿಗೆ ಹಿಡಿದುಕೊಂಡೇ ಅಡ್ಡ ಬಂದ.

"ಅಮ್ಮಾ, ಅದು ಬಂದೂಕು ಕ್ಲಬ್ಬಿನ ಅಧ್ಯಕ್ಷರು ಸ್ಟ್ರೌಡ್ ಅವರು ಕಳಿಸಿದ್ದು. ಕ್ಲಬ್ಬಿನ ಮರ್ಯಾದೆ. ಬಂದೂಕಿನೋರು ಸತ್ರೆ ಬಿಳಿ ಗವಸು ಹಾಕೇ ಮಣ್ಣು ಮಾಡೋದು. ನಿಮಗೆ ಗೊತ್ತಿಲ್ವಾ?"

"ಬದುಕಿದ್ದಾಗ ಕ್ಲಬ್ಬಿನ ಹೊಸಿಲು ದಾಟೋಕೆ ಬಿಡದೋರು ಸತ್ತ ಮೇಲೆ ಮರ್ಯಾದೆ ಕಳಿಸ್ತಾರಾ? ಥೂ!"

ಗವಸು ಕಿತ್ತು ಬಂತು. ಒಳಗಿದ್ದ ಬಲಗೈ ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ತೋರುಬೆರಳು ಗೊಂಬೆಯ ಬೆರಳಿನಂತೆ ನುಣ್ಣಗಿತ್ತು.

"ಇಲ್ಲಿದ್ದ ಕಚ್ಚು ಎಲ್ಲಿ?"

"ಮೇಣ ತುಂಬಿ ಬಣ್ಣ ಹಚ್ಚಿದೆ. ನೋಡೋರ ಕಣ್ಣಿಗೆ ಚೆನ್ನಾಗಿರ್ಲಿ ಅಂತ."

"ಚೆನ್ನಾಗಿರ್ಲಿ ಅಂತ! ಅವನ ಮೈಮೇಲೆ ನಿಜ ಹೇಳ್ತಿದ್ದದ್ದು ಅದೊಂದೇ ಕಣಯ್ಯಾ!"

ವರ್ಜಿಲನ ತಂಗಿ ಓಪಲ್ ಸೇಬಿನ ಪೈ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅತ್ತಿಗೆ, ಮೆಲ್ಲಗೆ. ಹೊರಗೆಲ್ಲ ಕೇಳಿಸ್ತಿದೆ."

"ಕೇಳಿಸ್ಲಿ. ಆ ಪೈ ಕೆಳಗಿಡು. ಟ್ರಕ್ಕಿನ ಸೀಟಿನ ಕೆಳಗೆ ನಿಮ್ಮಣ್ಣನ ಟರ್ಪೆಂಟೈನ್ ಬಾಟ್ಲಿ ಇದೆ, ತಗೊಂಡ್ಬಾ. ಒಂದು ಬಟ್ಟೇನೂ ತಾ, ಈ ಮೇಣ ಉಜ್ಜಿ ತೆಗೀಬೇಕು."

* * *

ಇದೆಲ್ಲ ಶುರುವಾದದ್ದು ಹಿಂದೆ, ಯುದ್ಧ ಮುಗಿದ ವರ್ಷ. ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬಕ್ಕೆ ಡ್ರೈ ಫೋರ್ಕಿನ ಬಯಲಲ್ಲಿ ಮೊಂಟಾನಾದ ಅರ್ಧ ಜನ ಸೇರಿದ್ದರು. ಲಿವರ್ ಬಂದೂಕಿನ ಪಂದ್ಯವೆಂದರೆ ಆ ಕಡೆಯವರಿಗೆ ಊಟ ನಿದ್ದೆ ಬೇಡ. ಮರದ ತುಂಡುಗಳನ್ನು ಒಟ್ಟಿಗೆ ಮೇಲೆಸೆಯುತ್ತಾರೆ. ಅವು ನೆಲ ಮುಟ್ಟುವ ಮುಂಚೆ ಎಲ್ಲವನ್ನೂ ಹೊಡೆಯಬೇಕು. ಒಂದೊಂದು ಗುಂಡಿಗೂ ಲಿವರನ್ನು ಮುಂದೆ ತಳ್ಳಿ ಹಿಂದಕ್ಕೆಳೆದು, ಟ್ರಿಗರ್ ಒತ್ತಬೇಕು. ಕೈ ಜೋರಾದಷ್ಟೂ ಮುಚ್ಚಿಕೊಳ್ಳುವ ಲಿವರು ತೋರುಬೆರಳನ್ನು ಕಚ್ಚುತ್ತದೆ.

ವರ್ಜಿಲ್ ಹೊಡೆದದ್ದು ಹಳೇ ಬಟ್ಟೆ ಹರಿದಂತೆ ಒಂದೇ ಉಸಿರಿಗೆ ಕೇಳಿಸಿತು. ತುಂಡೊಂದೂ ಉಳಿಯಲಿಲ್ಲ.

"ಸ್ಕ್ರೂ ಇಟ್ಟಿದಾನೆ!" ಎಂದು ಕೂಗಿದವನು ಹಾರ್ಲನ್ ಸ್ಟ್ರೌಡ್. ಅವನೇ ಎದುರಾಳಿ.

ಲಿವರಿಗೆ ತೂತು ಕೊರೆದು ಒಂದು ಸ್ಕ್ರೂ ಕೂರಿಸಿದರೆ, ಲಿವರು ಮುಚ್ಚಿದಾಗ ಅದೇ ಟ್ರಿಗರನ್ನು ಒತ್ತುತ್ತದೆ. ಬೆರಳನ್ನು ಹೊರಗಿಟ್ಟುಕೊಂಡು ಆಡಿಸುತ್ತ ಹೋದರಾಯಿತು. ಸರ್ಕಸ್ಸಿನವರ ಕೆಲಸ ಅದು. ಪಂದ್ಯದಲ್ಲಿ ಮಾಡಿದರೆ ಕಳ್ಳತನ.

ತೀರ್ಪುಗಾರ ಕ್ಲೈಡ್ ಬ್ಯಾಸೆಟ್ ಬಂದೂಕನ್ನು ಕ್ಲಬ್ಬಿನ ಕೋಣೆಯಲ್ಲಿಟ್ಟು ಬೀಗ ಹಾಕಿಸಿದ. ಊಟವಾದ ಮೇಲೆ ಎಲ್ಲರೆದುರು ಬಿಚ್ಚಿ ನೋಡಿದರೆ ಲಿವರಿನಲ್ಲಿ ತೂತಿತ್ತು. ಬೀಗದ ಕೈ ಇದ್ದದ್ದು ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರ. ಕಾರ್ಯದರ್ಶಿ ಸ್ಟ್ರೌಡ್.

"ಈ ಲಿವರು ನಂದಲ್ಲ," ಎಂದಷ್ಟೇ ಹೇಳಿ ವರ್ಜಿಲ್ ಮನೆಗೆ ಹೊರಟ. ಬಹುಮಾನದ ಬೆಳ್ಳಿ ಬಟ್ಟಲು ಸ್ಟ್ರೌಡನ ಪಾಲಾಯಿತು. ಆಮೇಲಿನ ವರ್ಷಗಳಲ್ಲೂ ಅವನದೇ.

"ನಿನ್ನ ಬೆರಳು ತೋರ್ಸೋದಕ್ಕೇನು ರೋಗ?" ಎಂದು ಲಿಯೋಟಾ ಎಷ್ಟು ಸಲ ಕೂಗಾಡಿಲ್ಲ! "ಸ್ಕ್ರೂ ಇಟ್ಕೊಂಡೋನ ಬೆರಳು ಹೀಗೆ ಸೀಳತ್ತಾ? ಮುಖಕ್ಕೆ ಹಿಡಿ ಅವರಿಗೆ!"

"ನಾನ್ಯಾಕೆ ಕೈಯೊಡ್ಡಲಿ? ಭಿಕ್ಷೆ ಬೇಡೋಕಾ?"

ಊರಿಗೆ ಹೋದರೆ ಬೇಸಿಗೆಯಲ್ಲೂ ಕೈ ಜೇಬಲ್ಲಿ. "ಏ ಸ್ಕ್ರೂ ಟ್ಯಾಕೆಟ್, ಜೇಬಲ್ಲಿ ಏನಿಟ್ಟಿದೀಯೋ, ಇನ್ನೊಂದು ಸ್ಕ್ರೂನಾ?" ಎಂದು ಹುಡುಗರು ಕಿಸಿಯುತ್ತಿದ್ದರು. ಅವನು ಹಾಗೇ ನಡೆದುಬಿಡುತ್ತಿದ್ದ. ಬೇರೆಯವರ ಬೇಲಿ ಕಟ್ಟಿ ದುಡಿದು ಬಂದು, ಸಂಜೆ ಕೊಟ್ಟಿಗೆಯಲ್ಲಿ ಖಾಲಿ ಬಂದೂಕು ಹಿಡಿದು ನಿಲ್ಲುತ್ತಿದ್ದ. ಚಟಚಟ ಚಟಚಟ. ಬೆರಳಿನ ಕಚ್ಚು ಮಾಯಲೇ ಇಲ್ಲ. ಗಟ್ಟಿಯಾಗಿ, ಕಪ್ಪಾಗಿ, ಬೆರಳಿನಲ್ಲೊಂದು ಕಾಲುವೆ ಬಿತ್ತು. ಆ ಸದ್ದು ಕೇಳಿದರೆ ಲಿಯೋಟಾಗೆ ಪಾತ್ರೆ ಎತ್ತಿ ಗೋಡೆಗೆ ಬಡಿಯಬೇಕೆನಿಸುತ್ತಿತ್ತು. ಈ ವೇಗ ಯಾರಿಗೆ? ದನಗಳಿಗಾ?

* * *

ಚರ್ಚು ತುಂಬಿತ್ತು. ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಟರ್ಪೆಂಟೈನಿನ ವಾಸನೆ ಹೂವಿನ ವಾಸನೆಯನ್ನು ಮೀರಿ ಹೊಡೆಯುತ್ತಿತ್ತು. ಈಗ ಕ್ಲಬ್ಬಿನ ಅಧ್ಯಕ್ಷನಾಗಿದ್ದ ಸ್ಟ್ರೌಡ್ ಎದ್ದುಹೋಗಿ ಎರಡೂ ಕೈಯನ್ನು ಮೇಜಿನ ಮೇಲೂರಿ ನಿಂತ. ಮುಖಕ್ಕೆ ತಕ್ಕಷ್ಟು ದುಃಖ ಹಚ್ಚಿಕೊಂಡಿದ್ದ.

"ವರ್ಜಿಲ್ ಒಂದ್ಸಲ ಎಡವಿದ. ಯಾರು ಎಡವಲ್ಲ? ಇವತ್ತು ಕ್ಲಬ್ಬಿನ ಪರವಾಗಿ ಹೇಳ್ತೀನಿ, ನಾವೆಲ್ಲ ಅವನನ್ನ ಕ್ಷಮಿಸಿದೀವಿ."

"ಏನಂತ ಕ್ಷಮಿಸಿದ್ಯೋ?" ಲಿಯೋಟಾ ಎದ್ದು ನಿಂತಿದ್ದಳು.

ಓಪಲ್ ಅವಳ ಕಪ್ಪು ಉಡುಪಿನ ತೋಳು ಹಿಡಿದೆಳೆದಳು. ಪಾದ್ರಿ, "ತಾಯಿ, ಇದು ದೇವರ ಮನೆ," ಎಂದರು.

"ದೇವರೂ ಬಂದು ನೋಡ್ಲಿ, ಪಾದ್ರಿಗಳೇ. ಬ್ಯಾಸೆಟ್ ಮಾವ, ನೀವು ಬನ್ನಿ ಮೊದ್ಲು. ಅವತ್ತು ತೀರ್ಪು ಕೊಟ್ಟೋರು ನೀವು. ನನ್ನ ಗಂಡನ ಕೈ ಹಿಡಿದು ನೋಡಿ, ಆಮೇಲೆ ಕಳ್ಳ ಅನ್ನಿ. ಹಾಗಂದ್ರೆ ನಾನು ಬಾಯಿ ಮುಚ್ಕೊಂಡು ಮಣ್ಣು ಮಾಡ್ತೀನಿ."

ಮುದುಕ ಬ್ಯಾಸೆಟ್ ಊರುಗೋಲು ಕುಟ್ಟಿಕೊಂಡು ಬಂದು ಬಗ್ಗಿದ. ಮೇಣ ಹೋಗಿದ್ದ ಆ ಬೆರಳನ್ನು ಎತ್ತಿ ಬೆಳಕಿಗೆ ಹಿಡಿದ. ಕಪ್ಪು ಕಾಲುವೆಯ ಮೇಲೆ ಉಗುರು ಎಳೆದ. ತನ್ನ ತೋರುಬೆರಳನ್ನು ಪಕ್ಕಕ್ಕಿಟ್ಟ. ಅದರಲ್ಲೂ ಹಳೆಯ ಕಚ್ಚೊಂದಿತ್ತು, ಇದರ ಮುಂದೆ ಗೀರಿನಷ್ಟು.

"ಅಯ್ಯೋ ನಮ್ಮ ಬುದ್ಧಿಗಿಷ್ಟು," ಎಂದ. "ಬಂದೂಕು ಬಿಚ್ಚಿ ನೋಡಿದ್ವಿ. ಕೈ ಬಿಚ್ಚಿ ನೋಡ್ಲಿಲ್ಲ."

ಹಿಂದಿನ ಸಾಲುಗಳಲ್ಲಿ ಬಂದೂಕಿನ ಗಂಡಸರು ತಮ್ಮ ತಮ್ಮ ಬೆರಳನ್ನು ತಾವೇ ನೋಡಿಕೊಂಡರು. ಬ್ಯಾಸೆಟ್ ಮೆಲ್ಲಗೆ ತಿರುಗಿದ.

"ಹಾರ್ಲನ್, ಇಷ್ಟು ವರ್ಷ ಬಟ್ಟಲು ಹೊತ್ಕೊಂಡು ಹೋದೋನು ನೀನು. ಬಾ, ನಿನ್ನ ಬೆರಳೂ ಇಡು ಇಲ್ಲಿ, ಪಕ್ಕದಲ್ಲಿ."

"ಹೆಣದ ಮುಂದೆ ಇದೇನು ಹುಚ್ಚಾಟ!" ಎಂದು ಸ್ಟ್ರೌಡ್ ಕೂಗಿದ. ಮೇಜಿನ ಮೇಲಿದ್ದ ಬಲಗೈ ಜಾರಿ ಕೋಟಿನ ಜೇಬು ಸೇರಿತು.

ಲಿಯೋಟಾ ಕೈಚೀಲದಿಂದ ಎರಡೂ ಬಿಳಿ ಗವಸು ತೆಗೆದು ಅವನ ಎದೆಗೆ ಎಸೆದಳು. "ತಗೊಂಡ್ಹೋಗು. ನನ್ನ ಗಂಡನ ಕೈಗೆ ಮುಸುಕು ಬೇಡ."

ಗವಸುಗಳು ಅವನ ಕಾಲ ಬಳಿ ಬಿದ್ದವು. ಇಡೀ ಚರ್ಚು ನೋಡುತ್ತಿತ್ತು. ಸ್ಟ್ರೌಡ್ ಬಗ್ಗಿ ಎಡಗೈಯಿಂದ ಒಂದನ್ನು ಎತ್ತಿಕೊಂಡ. ಇನ್ನೊಂದಕ್ಕೆ ಕೈ ಹಾಕುವಾಗ ಮೊದಲನೆಯದು ಜಾರಿತು. ಮತ್ತೆ ಬಗ್ಗಿದ, ಮತ್ತೆ ಜಾರಿತು. ಬಲಗೈ ಜೇಬಿನಿಂದ ಹೊರಗೆ ಬರಲಿಲ್ಲ.