ಬೇರೆಯದು ಯಾವುದು

ಗೋಡೆಯ ಪುಟ್ಟ ಕಿಂಡಿಯ ಬಾಗಿಲು ಸರಿದು ನಾಲ್ಕನೆಯ ತಟ್ಟೆ ಒಳಗೆ ಬಂತು. ಅದರ ಮೇಲೆ ಮತ್ತೆ ಮೂರು ಗ್ಲಾಸು, ಒಂದೊಂದಕ್ಕೂ ಒಂದೊಂದು ಸಂಖ್ಯೆಯ ಚೀಟಿ. ಎರಡರಲ್ಲಿ ಒಂದೇ ಬಿಯರು, ಒಂದರಲ್ಲಿ ಬೇರೆ. ಬೇರೆಯದು ಯಾವುದೆಂದು ಗುರುತು ಹಾಕಬೇಕು, ಅಷ್ಟೇ ಕೆಲಸ. ಬಣ್ಣ ನೋಡಿ ಕಂಡುಹಿಡಿಯಬಾರದೆಂದು ಕೋಣೆಗೆ ಕೆಂಪು ದೀಪ ಹಾಕಿದ್ದರು. ಆ ಬೆಳಕಿನಲ್ಲಿ ಮೂಗಣ್ಣನಿಗೆ ತನ್ನ ಕೈಯೇ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು.

ಮೊದಲನೆಯ ಗ್ಲಾಸನ್ನು ಮೂಗಿಗೆ ಹಿಡಿದ. ಕರಕಲಾದ ಬ್ರೆಡ್ಡಿನ ಅಂಚು, ಹುರಿದ ಕಾಫಿಬೀಜ, ಹಿಂದೆಲ್ಲೋ ಒಣಹಣ್ಣಿನ ಸಿಹಿ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ. ನೀರು ಮುಕ್ಕಳಿಸಿ ಮತ್ತೆ ಮೊದಲಿನಿಂದ ಶುರುಮಾಡಿದ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಪಕ್ಕದ ಮನೆಯಲ್ಲಿ ಫೋನು ಬಡಿದುಕೊಳ್ಳುವುದನ್ನು ಕೇಳುತ್ತ ಕೂತವನಿಗೆ ಹೇಗಿರುತ್ತದೋ ಹಾಗಿತ್ತು. ಮಧ್ಯದ ಗ್ಲಾಸಿಗೆ ಗುರುತು ಹಾಕಿ ತಟ್ಟೆಯನ್ನು ಕಿಂಡಿಯಾಚೆ ತಳ್ಳಿದ.

ಅವನಿಗೆ ಮೂಗಣ್ಣ ಎಂದು ಹೆಸರಿಟ್ಟವನು ಬಾಮೈದ. ಹೆಸರು ಎರಡು ಕಡೆಯಿಂದಲೂ ಹೊಂದುತ್ತಿತ್ತು: ಮೂಗು ಚುರುಕು, ಮಾತು ಮಾತ್ರ ಮೂಗನ ಮಾತು. "ನಮ್ಮ ಭಾವನ ಬಾಯಿಗೆ ಹಾಕ್ಬೇಕಾದ ಸಾಮಾನನ್ನೂ ದೇವರು ಮೂಗಿಗೇ ಹಾಕ್ಬಿಟ್ಟಿದ್ದಾನೆ" ಎಂದು ಬಾಮೈದ ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಿದ್ದ. ಹದಿನೇಳು ವರ್ಷದ ಹಿಂದೆ ಇಬ್ಬರೂ ಸೇರಿ ಟೈರು ರಿಪೇರಿಯ ಹಳೆಯ ಶೆಡ್ಡೊಂದನ್ನು ಹಿಡಿದು, ಡೇರಿಯವರು ಬೇಡವೆಂದು ಎಸೆದ ಎರಡು ಸ್ಟೀಲಿನ ಹಂಡೆ ತಂದು ಕೂರಿಸಿದ್ದರು. ಮೊದಲ ಮೂರು ಹಂಡೆ ಬಿಯರು ಚರಂಡಿಯ ಪಾಲಾಯಿತು. ನಾಲ್ಕನೆಯದು ಈ ಕಪ್ಪು ಬಿಯರು. ಆಮೇಲೆ ಬಾಮೈದ ಮುಂದಿನ ಕೌಂಟರಿನಲ್ಲಿ ನಿಂತು ಮಾತಿನಲ್ಲಿ ಮನೆ ಕಟ್ಟಿದ. ಮೂಗಣ್ಣ ಹಿಂದೆ ನಿಂತು ಬಿಯರು ಕುದಿಸಿದ. ದೂರದೂರದಿಂದ ಜನ ಬಂದು ಆ ಶೆಡ್ಡಿನ ಮರದ ಬೆಂಚುಗಳ ಮೇಲೆ ಒತ್ತಿಕೊಂಡು ಕೂತರು.

ಹೋದ ವರ್ಷ ದೊಡ್ಡ ಫ್ಯಾಕ್ಟರಿಯವರು ಬಂದು ಆ ಬಿಯರನ್ನೂ ಅದರ ಹೆಸರನ್ನೂ ಕೇಳಿದರು. ಬಾಮೈದನಿಗೆ ನಿಂತು ನಿಂತು ಸೊಂಟ ಬಿದ್ದುಹೋಗಿತ್ತು, ಸಾಕಾಗಿತ್ತು. ಮೂಗಣ್ಣನೂ ಹೂಂ ಅಂದ. ಅವನು ಹಾಕಿದ್ದು ಒಂದೇ ಷರತ್ತು. ಫ್ಯಾಕ್ಟರಿಯಲ್ಲಿ ಮಾಡಿದ್ದು ತನ್ನ ಬಿಯರಿನಂತೆಯೇ ಇದೆ ಎಂದು ತಾನು ಒಪ್ಪಿ ಸಹಿ ಹಾಕುವವರೆಗೆ ಶೆಡ್ಡು ಮುಚ್ಚಬಾರದು, ಅದರ ಒಲೆ ಆರಬಾರದು.

ನಾಲ್ಕು ಸಲ ಅವನು ಒಪ್ಪಿರಲಿಲ್ಲ. ಮೊದಲನೆಯದರಲ್ಲಿ ಹಸಿ ಹುಲ್ಲಿನ ವಾಸನೆ, ಎರಡನೆಯದು ನೀರುನೀರು, ಮೂರನೆಯದರಲ್ಲಿ ಬೆಂಕಿಕಡ್ಡಿ ಗೀರಿದಂಥ ಘಾಟು, ನಾಲ್ಕನೆಯದರಲ್ಲಿ ಕಹಿ ನಾಲಿಗೆಯ ಮೇಲೆ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು. ಎಲ್ಲ ನಿಜವೇ. ಶೆಡ್ಡಿನಲ್ಲಿ ಇದೊಂದು ದೊಡ್ಡ ಯುದ್ಧವೆಂಬಂತೆ ಮಾತಾಗಿತ್ತು. ಹಂಡೆ ತೊಳೆಯುವ ಹೆಂಗಸೊಬ್ಬಳಿದ್ದಳು, ಅತ್ತೆ ಅಂತ. ಯಾರ ಅತ್ತೆಯೋ ಈಗ ಯಾರಿಗೂ ನೆನಪಿಲ್ಲ, ಎಲ್ಲರಿಗೂ ಅತ್ತೆ. ಪ್ರತಿ ಸಲವೂ ಅವಳು ಅವನ ಬೆನ್ನಿಗೊಂದು ಗುದ್ದಿ, "ಹಾಗೇ ಮೂಗು ಮುರೀತಾ ಇರು ಮಾರಾಯ. ನನ್ನ ಮೊಮ್ಮಗಳ ಓದು ಮುಗಿಯೋವರೆಗೆ ಮುರೀತಾ ಇರು" ಅನ್ನುತ್ತಿದ್ದಳು. ಅರವತ್ತು ದಾಟಿದ ಅವಳನ್ನು ಇನ್ನೆಲ್ಲೂ ಕೆಲಸಕ್ಕೆ ಇಟ್ಟುಕೊಳ್ಳುವವರಿರಲಿಲ್ಲ.

ಆರು ಸುತ್ತು ಮುಗಿದವು. ಕೊನೆಯಲ್ಲಿ ಎರಡೇ ಗ್ಲಾಸು ಬಂದವು, ಜೊತೆಗೊಂದು ಚೀಟಿ: ನಿಮ್ಮದು ಯಾವುದು? ಮೂಗಣ್ಣ ಎರಡನ್ನೂ ಒಂದೊಂದು ಗುಟುಕು ಕುಡಿದ. ಇದರಲ್ಲಿ ಮಾತ್ರ ಅವನಿಗೆ ಅನುಮಾನವಿರಲಿಲ್ಲ. ಎಡಗಡೆಯದು. ಅದರಲ್ಲಿ ಶೆಡ್ಡಿತ್ತು, ಚಳಿಗಾಲದ ಬೆಳಗಿತ್ತು, ಒದ್ದೆ ನೆಲವಿತ್ತು. ಬಲಗಡೆಯದು ಚೆನ್ನಾಗಿಯೇ ಇತ್ತು, ಆದರೆ ಮಾಡಿದವನ ಮನಸ್ಸು ಅಲ್ಲಿರಲಿಲ್ಲ.

ಫ್ಯಾಕ್ಟರಿಯ ಲ್ಯಾಬಿನ ಹೆಂಗಸು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಒಳಗೆ ಬಂದಳು. ಮೊದಲು ಬಿಳಿ ದೀಪ ಹಾಕಿದಳು. ಆಮೇಲೆ ಕೂತಳು. ಹಾಳೆಯನ್ನು ಎರಡು ಸಲ ನೋಡಿದಳು.

"ಆರರಲ್ಲಿ ಎರಡು ಸರಿ" ಅಂದಳು.

"ಅಂದ್ರೆ?"

"ಅಂದ್ರೆ... ಕಣ್ಣು ಮುಚ್ಚಿ ಬೆರಳಿಟ್ರೂ ಅಷ್ಟು ಸರಿಯಾಗತ್ತೆ."

ಮೂಗಣ್ಣ ತಲೆಯಾಡಿಸಿದ. "ಕೊನೇದು?"

ಅವಳು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. "ನೀವು ನಿಮ್ಮದು ಅಂದಿದ್ದು ನಮ್ಮದು."

ಹೊರಗೆ ಎಲ್ಲೋ ಬಾಟಲಿಗಳ ಸಾಲು ಕಿಣಿಕಿಣಿ ಎಂದು ಓಡುತ್ತಿತ್ತು. ಮೂಗಣ್ಣ ಎರಡು ಗ್ಲಾಸುಗಳನ್ನೂ ನೋಡಿದ. ಬಿಳಿ ಬೆಳಕಿನಲ್ಲಿ ಎರಡೂ ಒಂದೇ ಕಪ್ಪು, ಎರಡರ ಮೇಲೂ ಒಂದೇ ಬಣ್ಣದ ನೊರೆ.

"ಹೇಗೆ ಮಾಡಿದ್ರಿ?" ಎಂದು ಕೇಳಿದ. ತಿಳಿದುಕೊಳ್ಳಬೇಕೆಂಬ ಆಸೆಯಿಂದಲ್ಲ, ಸುಮ್ಮನಿರಲಾಗದೆ.

ಅವಳಿಗೆ ಮಾತು ಸಿಕ್ಕಂತಾಯಿತು. ಶೆಡ್ಡಿನ ನೀರು ತರಿಸಿದ್ದು, ಅವನ ಹಂಡೆಯ ಒಂದು ಪಕ್ಕ ನೆಗ್ಗಿರುವುದರಿಂದ ಅಲ್ಲಿ ಶಾಖ ಹೆಚ್ಚು ಹೊತ್ತು ನಿಲ್ಲುತ್ತದೆಂದು ಕಂಡುಕೊಂಡಿದ್ದು, ಎಲ್ಲ ಹೇಳಿದಳು. "ಆದ್ರೂ ಪ್ರತಿ ಸಲ ತಪ್ತಿತ್ತು. ನಿಮ್ದು ಒಂದ್ಸಲ ಇದ್ದ ಹಾಗೆ ಇನ್ನೊಂದ್ಸಲ ಇರ್ತಿರ್ಲಿಲ್ಲ ನೋಡಿ. ಕೊನೆಗೆ ಹೋದ ವರ್ಷ ನಾವು ಬರೋಕೆ ಮುಂಚಿನ ನಿಮ್ಮ ಬಾಟಲಿಗಳನ್ನ ಹುಡುಕಿ ತರಿಸಿದ್ವಿ, ಇಪ್ಪತ್ತಾರು ಸಿಕ್ತು. ಅವೆಲ್ಲದರ ನಡುಮಧ್ಯ ಎಲ್ಲಿದೆಯೋ ಅದನ್ನ ಹಿಡಿದ್ವಿ." ಕೆಳಗೆ ನೋಡುತ್ತ, "ಈಚೆಗೆ ನಿಮ್ದೇ ಸ್ವಲ್ಪ ಜಾರಿದೆ. ತಪ್ಪು ತಿಳ್ಕೋಬೇಡಿ" ಅಂದಳು.

ಅವನು ತಪ್ಪು ತಿಳಿದುಕೊಳ್ಳಲಿಲ್ಲ. ಹೂಂ ಅಂದ ದಿನದಿಂದ ಅವನು ಹಂಡೆಯ ಮುಂದೆ ನಿಂತಿದ್ದನೇ ಹೊರತು ಅದನ್ನು ನೋಡಿರಲಿಲ್ಲ. ಕುದಿ ಬಂದದ್ದನ್ನು ಅತ್ತೆ ಕೂಗಿ ಹೇಳಬೇಕಾಗುತ್ತಿತ್ತು. ಅದು ಬಿಯರಿಗೂ ಗೊತ್ತಾಗಿತ್ತು, ಅವನಿಗೊಬ್ಬನಿಗೆ ಗೊತ್ತಾಗಿರಲಿಲ್ಲ.

"ನೆಗಡಿ ಇದೆಯಾ ನಿಮಗೆ?" ಲ್ಯಾಬಿನವಳು ಮೆಲ್ಲಗೆ ಕೇಳಿದಳು. ಬಾಗಿಲ ಕಡೆಗೊಮ್ಮೆ ನೋಡಿದಳು. "ನೆಗಡಿ ಇದ್ರೆ ಈ ಪರೀಕ್ಷೆ ಲೆಕ್ಕಕ್ಕಿಲ್ಲ. ಹಾಗಂತ ಬರೀತೀನಿ. ಮುಂದಿನ ಸಲ ಅನ್ನೋದು ಎರಡು ತಿಂಗಳಾದ್ರೂ ಆಗತ್ತೆ."

ಅವಳಿಗೆ ಶೆಡ್ಡು ಗೊತ್ತಿತ್ತು. ನಾಲ್ಕೈದು ಸಲ ಬಂದು ಅತ್ತೆಯ ಕೈಯ ಚಹಾ ಕುಡಿದಿದ್ದಳು. ಅವಳು ಕೊಡುತ್ತಿರುವುದು ಏನೆಂದು ಮೂಗಣ್ಣನಿಗೆ ತಿಳಿಯಿತು. ಒಂದು ಸೀನು ಸೀನಿದರೂ ಸಾಕಿತ್ತು.

"ನೆಗಡಿ ಇಲ್ಲ" ಅಂದ.

ಸಹಿ ಹಾಕುವಾಗ ಪೆನ್ನು ಮೊದಲು ಬರೆಯಲಿಲ್ಲ. ಅವಳೇ ಹಾಳೆಯ ಅಂಚಿನಲ್ಲಿ ಗೀಚಿ, ಬರೆಯುವಂತೆ ಮಾಡಿ ಕೊಟ್ಟಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಾಗ ಬಾಮೈದನ ಫೋನು ಬಂತು. "ಭಾವ, ಏನಾಯ್ತು?"

"ಒಂದೇ."

"ಒಂದೇ ಅಂದ್ರೆ?"

"ಎರಡೂ ಒಂದೇ. ಸಹಿ ಹಾಕ್ದೆ."

ಆ ಕಡೆ ಮಾತಿನ ಮಲ್ಲನೂ ಒಂದು ಕ್ಷಣ ಮೂಗನಾದ. ಆಮೇಲೆ, "ಒಳ್ಳೇದಾಯ್ತು ಬಿಡಿ. ಎಷ್ಟು ದಿನ ಅಂತ ಹಗ್ಗ ಜಗ್ಗೋದು" ಅಂದ. ಮತ್ತೆ, ಬೇರೆ ದನಿಯಲ್ಲಿ, "ಭಾವ, ಊಟ ಆಯ್ತಾ?" ಅಂದ. ಆಗಿರಲಿಲ್ಲ. ಆಯ್ತು ಅಂದ. ಆ ಸುಳ್ಳು ಸಲೀಸಾಗಿ ಬಂತು.

ಶೆಡ್ಡಿಗೆ ಬಂದಾಗ ಮೂರು ಗಂಟೆ. ಬೆಳಿಗ್ಗೆ ಅವನೇ ಹೂಡಿಟ್ಟು ಹೋಗಿದ್ದ ಕೆಲಸ ಮುಂದುವರಿದಿತ್ತು. ಬಾರ್ಲಿಯ ಸಿಹಿ ರಸವೆಲ್ಲ ಇನ್ನೊಂದು ಹಂಡೆಗೆ ಬಸಿದು ಒಲೆಯ ಮೇಲೆ ಬಿಸಿಯಾಗುತ್ತಿತ್ತು. ಬಸಿದುಳಿದ ಕಾಳಿನ ಚರಟವನ್ನು ಅತ್ತೆ ಸಲಿಕೆಯಿಂದ ಎತ್ತಿ ಎತ್ತಿ ಡ್ರಮ್ಮುಗಳಿಗೆ ತುಂಬುತ್ತಿದ್ದಳು. ಅವಳ ಸುತ್ತ ಹಬೆ. ಅವನ ಮುಖ ನೋಡಿದವಳು ಸಲಿಕೆ ನಿಲ್ಲಿಸಿದಳು.

"ಹೇಳು."

"ಗೊತ್ತಾಗ್ಲಿಲ್ಲ ಅತ್ತೆ. ಬೇರೆ ಯಾವುದು ಅಂತ ಗೊತ್ತಾಗ್ಲಿಲ್ಲ."

"ಗೊತ್ತಾಗ್ದಿದ್ರೆ ಏನಂತೆ? ಗೊತ್ತಾಗ್ಲಿಲ್ಲ ಅಂತ ಅವರಿಗೆ ಯಾಕೆ ಹೇಳ್ದೆ?"

ನಿಯತ್ತು ಎಂಬ ದೊಡ್ಡ ಮಾತೇನೂ ಅಲ್ಲ ಅದು. ಇನ್ನೊಂದು ಸಲ ಆ ಕೆಂಪು ಕೋಣೆಯಲ್ಲಿ ಕೂರುವುದನ್ನು ನೆನೆದರೆ ಬೇಡವೆನಿಸಿತ್ತು, ಅಷ್ಟೇ. ಆ ಅಷ್ಟಕ್ಕೆ ಇವಳ ಅನ್ನ ಹೋಯಿತೆಂದು ಹೇಗೆ ಹೇಳುವುದು?

"ಹದಿನೇಳು ವರ್ಷ ಬಾಯಿ ಬಿಡದೆ ಇದ್ದೋನು," ಅತ್ತೆ ಅಂದಳು, "ಇವತ್ತೇ ಬಿಡ್ಬೇಕಿತ್ತಾ ನೀನು?" ಅವಳ ದನಿ ಏರಲಿಲ್ಲ. ಅವಳು ಕೂಗಾಡಿದ್ದರೆ ಅವನಿಗೆ ಏನಾದರೂ ಅನಿಸುತ್ತಿತ್ತೇನೋ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಮತ್ತೆ ಸಲಿಕೆ ಹಿಡಿದಳು. ಚರಟ ಆರಿದರೆ ಕಲ್ಲಿನಂತೆ ಕಚ್ಚಿಕೊಳ್ಳುತ್ತದೆ, ಅದು ಯಾರ ದುಃಖಕ್ಕೂ ಕಾಯುವುದಿಲ್ಲ. ಮೂಗಣ್ಣ ಅಂಗಿಯ ತೋಳು ಮಡಚಿ ಇನ್ನೊಂದು ಸಲಿಕೆ ತೆಗೆದುಕೊಂಡ. ಇಬ್ಬರೂ ಎದುರು ಬದುರು ನಿಂತು, ಒಬ್ಬರ ಸಲಿಕೆ ಇನ್ನೊಬ್ಬರಿಗೆ ತಾಗದಂತೆ ಎತ್ತಿ ಹಾಕಿದರು.

ಹಂಡೆಯ ತಳ ಕಾಣುವ ಹೊತ್ತಿಗೆ ಒಲೆಯ ಮೇಲಿನದು ಕುದಿ ಬಂತು.

"ಹಾಪ್ಸ್ ಹಾಕ್ಲಾ, ಬೇಡ್ವಾ?" ಅತ್ತೆ ಕೇಳಿದಳು.

"ಹಾಕು."

"ಯಾರಿಗೆ?"

"ಹಾಕು ಅತ್ತೆ."

ಅವಳು ಹಾಕಿದಳು. ಬಿಯರಿಗೆ ಕಹಿ ಕೊಡುವ ಆ ಹೂವಿನ ಹಸಿರು ಘಮ ಎದ್ದು ಶೆಡ್ಡು ತುಂಬಿತು. ಮೂಗಣ್ಣ ಅದನ್ನು ಮೂಸಿದ. ಘಮವೇನೋ ಬಂತು, ಅಲ್ಲಿಂದ ಮುಂದಕ್ಕೆ ಎಲ್ಲಿಗೂ ಹೋಗಲಿಲ್ಲ.

ಹಿಂದಿನ ಬಾಗಿಲಿಗೆ ಹಸು ಸಾಕುವವನ ತೆರೆದ ಟೆಂಪೋ ಬಂದು ನಿಂತಿತು. ಹಂಡೆ ಹೂಡಿದ ದಿನವೆಲ್ಲ ಚರಟ ಒಯ್ಯಲು ಬರುವವನು. ಮೂವರೂ ಸೇರಿ ಡ್ರಮ್ಮುಗಳನ್ನು ಎತ್ತಿ ಹಿಂದಕ್ಕೆ ಕೂರಿಸಿದರು. ಅವನು ಹಗ್ಗ ಬಿಗಿದು ಕೈ ಕೊಡವಿ, "ಇನ್ನು ಯಾವತ್ತು ಬರ್ಲಿ?" ಎಂದು ಕೇಳಿದ.

ಮೂಗಣ್ಣ ಬಾಯಿ ತೆರೆದ.

"ಗುರುವಾರ ಬಾ" ಅತ್ತೆ ಅಂದಳು. "ಎಂದಿನ ಹೊತ್ತಿಗೇ ಬಾ."

ಅವನು ಸರಿ ಎಂದು ತಲೆಯಾಡಿಸಿ ಗಾಡಿ ಎಬ್ಬಿಸಿದ. ಬೀದಿಯ ತಿರುವಿನಲ್ಲಿ ಶಾಲೆ ಬಿಟ್ಟ ಮಕ್ಕಳು ದಾಟುತ್ತಿದ್ದುದರಿಂದ ಟೆಂಪೋ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಡ್ರಮ್ಮುಗಳ ಬಾಯಿಂದ ಹಬೆ ನೆಟ್ಟಗೆ ಮೇಲೇಳುತ್ತಿತ್ತು. ಗಾಡಿ ಹೊರಟಾಗ ಅದು ಹಿಂದಕ್ಕೆ ಬಾಗಿ, ಗೋಡೆಗೆ ತಾಗಿ, ಮತ್ತೆ ಕಾಣಲಿಲ್ಲ.