ಗಲಾಟೆ ತೆಗೆದ ಹಾಡು

ಹೆಣದ ತಲೆಯ ಬಳಿ ಮಂಡಿಯೂರಿ ಸೂರ್ಯನಾರಾಯಣರು ಪ್ಲಗ್ ಪಾಯಿಂಟ್ ಹುಡುಕುತ್ತಿದ್ದರು. ದಿಲ್ಲಿಯ ಮಯೂರ್ ವಿಹಾರದ ಆ ಸೊಸೈಟಿಯ ಪಾರ್ಕಿಂಗಿನಲ್ಲಿ ಎರಡು ಕಾರು ಸರಿಸಿ ಇಂದುಶೇಖರನನ್ನು ಮಲಗಿಸಿದ್ದರು. ಗೋಡೆಯಲ್ಲಿದ್ದ ಒಂದೇ ಪಾಯಿಂಟಿನಲ್ಲಿ ಯಾರದೋ ಸ್ಕೂಟರ್ ಚಾರ್ಜಾಗುತ್ತಿತ್ತು. ಸೂರ್ಯನಾರಾಯಣರು ಅದನ್ನು ಕಿತ್ತುಹಾಕಿ ತಮ್ಮ ಸ್ಪೀಕರಿನ ವೈರು ಸಿಕ್ಕಿಸಿದರು.

"ಬ್ಯಾಟರಿಲೂ ನಡೆಯತ್ತೆ ಸರ್," ಎಂದ ರಜತ್.

"ಬ್ಯಾಟರಿಲಿ ಬೇಸ್ ಸತ್ತುಹೋಗತ್ತಪ್ಪ," ಎಂದರು ಅವರು. ಎದುರಿಗೆ ನಿಜವಾಗಿಯೂ ಸತ್ತವನೊಬ್ಬ ಮಲಗಿದ್ದಾನೆಂಬುದು ಅವರಿಗೆ ಹೊಳೆಯಲಿಲ್ಲ.

ಸೂರ್ಯನಾರಾಯಣರು ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಗ್ರೇಟರ್ ನೋಯ್ಡಾದಲ್ಲಿ ನೆಲೆಸಿದವರು. ಎಪ್ಪತ್ತರ ದಶಕದ ಒಂದು ಇಂಗ್ಲಿಷ್ ರಾಕ್ ಬ್ಯಾಂಡಿಗೆ ದಿಲ್ಲಿಯಲ್ಲಿರುವ ಹತ್ತೊಂಬತ್ತು ಅಭಿಮಾನಿಗಳ ಸಂಘಕ್ಕೆ ಅವರೇ ಅಧ್ಯಕ್ಷರು. ಬ್ಯಾಂಡಿನ ಹೆಸರು ಬೇಡ. ಹೇಳಿದರೆ ಸಂಘದವರು ಉಚ್ಚಾರ ತಿದ್ದಲು ಬಂದುಬಿಡುತ್ತಾರೆ. ಅವರಲ್ಲಿ ಏಳು ಜನ ಈಗ ಹೆಣದ ಸುತ್ತ ನಿಂತಿದ್ದರು. ನೋಯ್ಡಾದ ಐಟಿ ಆಫೀಸಿನ ರಜತ್ ಅವರಲ್ಲೆಲ್ಲ ಚಿಕ್ಕವನು. ಅವನ ಕಪ್ಪು ಟೀಶರ್ಟಿನ ಮೇಲೆ ನಾಲ್ಕು ಮಂದಿ ಇಂಗ್ಲಿಷರು ಕೂದಲು ಹರಡಿಕೊಂಡು ನಗುತ್ತಿದ್ದರು.

ಮಾತು ಸತ್ತವನ ಬಗ್ಗೆ ಶುರುವಾಗಿ ಎರಡೇ ನಿಮಿಷದಲ್ಲಿ ಬೇರೆ ಕಡೆ ಹೋಗಿತ್ತು. ಮೂರನೇ ಆಲ್ಬಮ್ಮನ್ನು ಮೋನೋದಲ್ಲೇ ಕೇಳಬೇಕು, ಸ್ಟೀರಿಯೊದಲ್ಲಿ ಕೇಳುವವರು ಕಿವುಡರು ಎಂದು ಒಬ್ಬರು. ಲಂಡನ್ನಿನಲ್ಲಿ ಅಚ್ಚಾದ ಎಲ್‌ಪಿ ಇಲ್ಲದವರು ಮಾತೇ ಆಡಬಾರದು ಎಂದು ಇನ್ನೊಬ್ಬರು.

"ಇಂದುಶೇಖರಂಗೆ ಇದೆಲ್ಲ ಗೊತ್ತಾಗ್ತಿರಲಿಲ್ಲ ಬಿಡಿ," ಎಂದರು ಸೂರ್ಯನಾರಾಯಣರು. "ಪಾಪ, ಕ್ಯಾಸೆಟ್ ಗಿರಾಕಿ. ಆದ್ರೆ ಭಕ್ತಿ ಇತ್ತು."

ಅವನು ಮೂವತ್ತನಾಲ್ಕು ವರ್ಷ ಸಚಿವಾಲಯದಲ್ಲಿ ಸ್ಟೆನೊ ಆಗಿದ್ದವನು. ಸಂಘದಲ್ಲೂ ಅವನಿಗೆ ಕೊಟ್ಟಿದ್ದು ಅದೇ ಕೆಲಸ. ಉಳಿದವರು ಸೋಫಾದಲ್ಲಿ ಕೂತು ಗಿಟಾರಿನ ಮಹಿಮೆ ಕೊಚ್ಚುವಾಗ ಅವನು ಸ್ಟೂಲಿನ ಮೇಲೆ ಕೂತು ಮೀಟಿಂಗಿನ ವರದಿ ಬರೆದುಕೊಳ್ಳುತ್ತಿದ್ದ. ಹಾಗೆಂದು ಅವನೇನು ಸಾಧುವಲ್ಲ. ಮನೆಗೆ ಬಂದು, ಹೆಂಡತಿ ಕೇಳುವ ಭಾವಗೀತೆಗಳಿಗೆ ಮೂಗು ಮುರಿಯುತ್ತಿದ್ದ. ಮೇಲಿನಿಂದ ಸಿಕ್ಕಿದ ತಾತ್ಸಾರವನ್ನು ಕೆಳಗೆ ದಾಟಿಸುವುದರಲ್ಲಿ ಅವನು ಅಪ್ಪಟ ಸರ್ಕಾರಿ ನೌಕರ.

ಹೆಂಡತಿ ಉಷಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಮಗಳು ಮಯೂರಿ ಅವಳ ಭುಜ ಹಿಡಿದುಕೊಂಡಿದ್ದಳು. ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವುದು ತಡವಾಗಿತ್ತು.

"ಈಗ ಹಾಕೋದು ನಮ್ಮ ಬ್ಯಾಂಡಿಂದು, ಎಂಬತ್ತೆಂಟರಲ್ಲಿ ರೇಡಿಯೊದಲ್ಲಿ ಒಂದೇ ಸಲ ಬಂದ ಕಛೇರಿ," ಸೂರ್ಯನಾರಾಯಣರು ನೆರೆಹೊರೆಯವರಿಗೆ ವಿವರಿಸಿದರು. "ಬ್ಯಾಂಡಿನವರ ಹತ್ರಾನೂ ಇಲ್ಲ. ಇಂದುಶೇಖರ ಟೇಪ್ ಮಾಡಿದ್ದ, ಆದ್ರೆ ಕೇಳೋ ಹಾಗಿರಲಿಲ್ಲ. ಕುಕ್ಕರ್ ಕೂಗು, ಯಾವ್ದೋ ಹೆಂಗಸಿನ ಗಲಾಟೆ, ಗಂಡಸಿನ ಮಾತು. ಮೂರು ತಿಂಗಳು ಕಂಪ್ಯೂಟರ್ ಮುಂದೆ ಕೂತು ಎಲ್ಲಾ ತೊಳೆದೆ. ಈಗ ಅದಕ್ಕೆ ಪ್ರಪಂಚದಲ್ಲೆಲ್ಲಾ 'ಸೂರ್ಯನಾರಾಯಣ ಟೇಪ್' ಅಂತಾರೆ."

ಉಷಾ ತಲೆಯೆತ್ತಿದಳು. "ಗಂಡಸಿನ ಮಾತಾ?"

"ಹೂಂ. ಅವನದ್ದೇ ಇರಬೇಕು. ಚಿಂತೆ ಮಾಡ್ಬೇಡಿ, ಒಂದಕ್ಷರ ಉಳಿಸಿಲ್ಲ."

*

ನಾಲ್ಕು ವರ್ಷದ ಹಿಂದೆ ಡಾಕ್ಟರು ಇಂದುಶೇಖರನ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಅಲ್ಲಿಂದ ಅವನ ಮಾತೆಲ್ಲ ಚೀಟಿಯಲ್ಲಿ. ಉಪ್ಪು ಕಮ್ಮಿ. ಫ್ಯಾನ್ ಹಾಕು. ನಿನಗೆ ಅರ್ಥವಾಗುವುದಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮಯೂರಿ ಫೋನು ಹಿಡಿದು, "ಪಪ್ಪಾ, ಏನಾದ್ರೂ ಮಾತಾಡಿ, ರೆಕಾರ್ಡ್ ಮಾಡ್ಕೋತೀನಿ," ಎಂದಿದ್ದಳು. ನಾಟಕ ಸಾಕು ಎಂಬಂತೆ ಅವನು ಕೈಯಾಡಿಸಿ ಆಚೆ ತಿರುಗಿಕೊಂಡಿದ್ದ. ಮನೆಯಲ್ಲಿ ವಿಡಿಯೊಗಳಿಗೇನೂ ಬರವಿರಲಿಲ್ಲ. ಆದರೆ ತೆಗೆಯುವವನು ಯಾವಾಗಲೂ ಅವನೇ. ರೆಕಾರ್ಡಿಂಗ್ ಕೆಡುತ್ತದೆಂದು ಉಸಿರೂ ಬಿಡದೆ ತೆಗೆಯುತ್ತಿದ್ದ.

ಈಚೆಗೆ ಉಷಾಳಿಗೆ ಒಂದು ಹೆದರಿಕೆ ಹತ್ತಿಕೊಂಡಿತ್ತು. ಅವನು ಆಡಿದ ಮಾತುಗಳು ನೆನಪಿದ್ದವು. ದನಿ ನೆನಪಾಗುತ್ತಿರಲಿಲ್ಲ. ಸ್ನಾನದ ಮನೆಯಲ್ಲಿ ಕದ ಹಾಕಿಕೊಂಡು ಅವನಂತೆ ತನ್ನ ಹೆಸರನ್ನು ತಾನೇ ಕರೆದು ನೋಡಿದ್ದಳು. ಅದು ಅವಳದೇ ದನಿಯಾಗಿತ್ತು.

ಟೇಪು ಮಾಡಿದ ಆ ಭಾನುವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಮದುವೆಯಾಗಿ ಮೂರು ತಿಂಗಳು, ಒಂದು ಕೋಣೆಯ ಸರ್ಕಾರಿ ಕ್ವಾರ್ಟರ್ಸು. ಎರವಲು ತಂದ ರೇಡಿಯೊ ಒಂದು, ಟೇಪ್‌ರೆಕಾರ್ಡರ್ ಇನ್ನೊಂದು. ಜೋಡಿಸಲು ವೈರಿಲ್ಲದೆ ಎರಡನ್ನೂ ಎದುರುಬದುರು ಇಟ್ಟು ಅವನು ನಡುವೆ ಕಾವಲು ಕೂತಿದ್ದ. ಅವಳು ಅಡುಗೆಮನೆಯ ಬಾಗಿಲಿಗೆ ಬಂದು ಏನೋ ಕೇಳಿದ್ದಳು. ಅವನು ತಿರುಗಿ ಏನೋ ಅಂದಿದ್ದ. ಏನೆಂಬುದು ಮರೆತುಹೋಗಿತ್ತು.

*

"ಆ ಕ್ಯಾಸೆಟ್ ಎಲ್ಲಿ?" ಉಷಾ ಎದ್ದು ಬಂದು ಕೇಳಿದಳು.

"ಬೂಷ್ಟು ಹಿಡಿದಿತ್ತು, ಎಸೆದೆ," ಎಂದರು ಸೂರ್ಯನಾರಾಯಣರು. "ತೊಳೆದಿರೋದು ಇದೆಯಲ್ಲ, ಈಗ ಹಾಕ್ತೀನಿ. ವಜ್ರದ ಹಾಗಿದೆ."

"ನನಗೆ ತೊಳೆಯದೇ ಇರೋದು ಬೇಕು."

"ಉಷಾ ಅವರೇ, ಅದು ಬರೀ ಕಸ. ಇಷ್ಟು ಜನರ ಮುಂದೆ ಅದನ್ನ ಹಾಕಿದ್ರೆ ಇಂದುಶೇಖರಂಗೇ ಅವಮಾನ."

"ಅವರ ಅವಮಾನ ನಾನು ನೋಡ್ಕೋತೀನಿ. ಇದೆಯೋ ಇಲ್ವೋ ಹೇಳಿ."

ಅಧ್ಯಕ್ಷರು ಸ್ಪೀಕರಿನ ಧೂಳು ಒರೆಸತೊಡಗಿದರು. ಉತ್ತರ ಕೊಟ್ಟಿದ್ದು ರಜತ್. "ತೊಳೆಯೋಕ್ ಮುಂಚಿನ ಫೈಲ್ ನೀವು ನನಗೆ ಕಳಿಸಿದ್ರಿ ಸರ್. ನನ್ನ ಫೋನಲ್ಲಿದೆ."

ಅಷ್ಟರಲ್ಲಿ ಗೇಟಿನ ಹತ್ತಿರ ವ್ಯಾನು ಹಾರ್ನ್ ಮಾಡಿತು. "ಚಲಿಯೇ, ದೇರ್ ಹೋ ರಹೀ ಹೈ," ಎಂದು ಅವಸರಪಡಿಸಿದರು ಕ್ರಿಯೆ ಮಾಡಿಸಲು ಬಂದಿದ್ದ ಪಂಡಿತ್‌ಜಿ.

"ಅಮ್ಮ, ಛೋಡೋ ನಾ," ಮಯೂರಿ ಕೈ ಹಿಡಿದೆಳೆದಳು. "ವ್ಯಾನ್ ಬಂತು. ಬಾದ್ ಮೇ, ಆಮೇಲೆ ಕೇಳೋಣ."

"ಎತ್ತೋಕ್ ಮುಂಚೆ ಕೇಳ್ಬೇಕು. ಹಾಕಪ್ಪ."

ರಜತ್ ಹುಡುಕಿ ಹಾಕಿದ. ಪಾರ್ಕಿಂಗಿನ ತುಂಬ ಮೊದಲು ಕರಕರ ಸದ್ದು. ಅದರ ಹಿಂದಿನಿಂದ ಗಿಟಾರು, ಡ್ರಮ್ಮು, ಒಬ್ಬ ಗಂಡಸಿನ ಕೂಗು. ಅಭಿಮಾನಿಗಳು ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು. ಕುಕ್ಕರ್ ಎರಡು ಸಲ ಕೂಗಿತು. ಆಮೇಲೆ ಅಂಜುತ್ತ ಮಾತಾಡುವ ಒಂದು ಎಳೆಯ ಹೆಣ್ಣುದನಿ: "ರೀ, ಹುಣಿಸೆಹಣ್ಣು ಮುಗಿದಿದೆ..."

ಅದರ ಮೇಲೇ ಬಿತ್ತು ಇಂದುಶೇಖರನ ದನಿ. ಸ್ವಲ್ಪ ಮೂಗಿನ ದನಿ, ಇಪ್ಪತ್ತೊಂಬತ್ತರ ವಯಸ್ಸಿನದು.

"ಥೂ, ಬಾಯ್ಮುಚ್ಕೊಂಡಿರೇ ಸ್ವಲ್ಪ. ರೆಕಾರ್ಡ್ ಆಗ್ತಿದೆ."

ಸೂರ್ಯನಾರಾಯಣರು ಬಗ್ಗಿ ಸ್ಪೀಕರ್ ಆರಿಸಿದರು. "ಹೇಳಿದ್ನಲ್ಲ, ಕಸ ಅಂತ." ರಜತ್ ನೆಲ ನೋಡುತ್ತ ನಿಂತ. ಕನ್ನಡ ಬಾರದ ಪಂಡಿತ್‌ಜಿ ಪಕ್ಕದವರನ್ನು "ಕ್ಯಾ ಬೋಲೇ?" ಎಂದು ಕೇಳಿದರು. ಮಯೂರಿ ಬಾಯಿಗೆ ದುಪಟ್ಟಾ ಒತ್ತಿಕೊಂಡು, "ಪಪ್ಪಾ," ಎಂದು ಬಿಕ್ಕಿದಳು.

"ಇನ್ನೊಂದ್ಸಲ," ಎಂದಳು ಉಷಾ.

ರಜತ್ ಫೋನಿನಲ್ಲೇ ಆ ಜಾಗ ಹುಡುಕಿ, ಅದೇ ಮತ್ತೆ ಮತ್ತೆ ಬರುವಂತೆ ಮಾಡಿ ಅವಳ ಕೈಗೆ ಕೊಟ್ಟ. ಅವಳು ಕಿವಿಗೊತ್ತಿಕೊಂಡು ಕೇಳಿ, ಸೂರ್ಯನಾರಾಯಣರ ಕಡೆ ತಿರುಗಿದಳು.

"ನಿಮಗೆ ತೊಳೆಯೋಕ್ ಬರತ್ತಲ್ಲ. ಈ ಹಾಡಿನ ಗಲಾಟೆ ಪೂರ್ತಿ ತೆಗೆದು, ಇವರ ಮಾತಷ್ಟೇ ಉಳಿಸಿಕೊಡಿ."

"ಹಾಡನ್ನ ತೆಗೆಯೋದಾ?" ಎಂದರು ಅಧ್ಯಕ್ಷರು. ಆ ದಿನ ಅವರ ಮುಖ ಬಾಡಿದ್ದು ಆಗಲೇ.

ನಾಲ್ವರು ಹೆಗಲು ಕೊಟ್ಟು ಇಂದುಶೇಖರನನ್ನು ಎತ್ತಿದರು. ಉಷಾ ಒಂದು ಕಿವಿಗೆ ಫೋನು ಒತ್ತಿ, ಇನ್ನೊಂದನ್ನು ಬೆರಳಿನಿಂದ ಮುಚ್ಚಿಕೊಂಡು ವ್ಯಾನಿನ ಕಡೆ ಹಿಂದೆ ಹಿಂದೆಯೇ ನಡೆದಳು. ಗಂಡ ಬಾಯಿ ಮುಚ್ಚೆಂದು ಗದರಿದಾಗಲೆಲ್ಲ ಮೆಲ್ಲಗೆ "ಹೂಂ ರೀ" ಅನ್ನುತ್ತಿದ್ದಳು.